ಉಸಿರಾಡದ ಮೂಗು

ಪ್ರಶ್ನೆ: ಸಾಲ್ಮನ್ ಮೀನು ವಾಸನೆ ಹಿಡಿದು ತಾನು ಹುಟ್ಟಿದ ಹೊಳೆಗೇ ಮರಳುತ್ತದಂತೆ. ನೀರೊಳಗೆ ಇರುವ ಮೀನು ಮೂಸುವುದು ಹೇಗೆ? ಮರಿಯಾಗಿದ್ದಾಗಿನ ವಾಸನೆ ಅಷ್ಟು ಕಾಲ ನೆನಪಿರುತ್ತದೆಯೇ?
– ಹೈಸ್ಕೂಲು ವಿದ್ಯಾರ್ಥಿನಿ, ಸಾಗರ

ಉತ್ತರ: ಮಗೂ, ಮುಂದಿನ ಸಲ ಮೀನು ಮಾರ್ಕೆಟ್ಟಿನ ಕಡೆ ಹೋದರೆ ಒಂದು ಬಂಗುಡೆಯ ಮೂತಿಯನ್ನು ಹತ್ತಿರದಿಂದ ನೋಡು. ಕಣ್ಣಿನ ಮುಂದೆ ಸಣ್ಣ ತೂತುಗಳಿವೆ. ಅದೇ ಮೂಗು. ಉಸಿರಾಟ ಕಿವಿರಿನ ಕೆಲಸ. ಮೂಗಿಗೆ ಮೂಸುವುದೊಂದೇ ಕಸುಬು. ಒಂದು ತೂತಿನಿಂದ ಒಳಬಂದ ನೀರು ಒಳಗಿನ ಮಡಿಕೆಮಡಿಕೆ ಚರ್ಮವನ್ನು ಸವರಿ ಇನ್ನೊಂದರಿಂದ ಹೊರಗೆ ಹೋಗುತ್ತದೆ. ನೀರಲ್ಲಿ ಕರಗಿದ್ದನ್ನು ಆ ಚರ್ಮ ಗುರುತಿಸುತ್ತದೆ. ಸಾಲ್ಮನ್ನಿನದೂ ಹೀಗೆಯೇ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಇಸಾಕ್ವಾದಲ್ಲಿ ನನ್ನ ಮಗಳಿದ್ದಾಳೆ. ಒಂದು ಅಕ್ಟೋಬರಿನಲ್ಲಿ ಅಲ್ಲಿನ ಹೊಳೆಯ ಸೇತುವೆ ಮೇಲೆ ನಿಂತು, ಸಮುದ್ರದಿಂದ ಬಂದ ಮೀನುಗಳು ನೀರಿಗೆದುರಾಗಿ ಏರುವುದನ್ನು ಕಣ್ಣಾರೆ ಕಂಡೆ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ ನನಗೆ ಮಾತೇ ಹೊರಡಲಿಲ್ಲ. ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ ಎಂಬ ವಿಜ್ಞಾನಿಗಳು 1954ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಅದೇ ಹೊಳೆಯಲ್ಲಿ. ಎರಡು ಕವಲುಗಳಿಗೆ ಬಂದಿದ್ದ ಕೋಹೋ ಎಂಬ ಜಾತಿಯ ಸಾಲ್ಮನ್‌ಗಳನ್ನು ಹಿಡಿದು, ಅರ್ಧದಷ್ಟಕ್ಕೆ ಮೂಗಿಗೆ ಹತ್ತಿ ತುರುಕಿ, ಕವಲು ಕೂಡುವ ಜಾಗಕ್ಕಿಂತ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವುಗಳಲ್ಲಿ ಹೆಚ್ಚಿನವು ತಮ್ಮ ಕವಲನ್ನೇ ಹಿಡಿದವು. ಹತ್ತಿ ತುಂಬಿದ್ದವಕ್ಕೆ ದಿಕ್ಕು ತಪ್ಪಿತು.

ಇನ್ನು ನೆನಪಿನ ಮಾತು. ಕೋಹೋ ಮರಿ ಹೊಳೆಯಲ್ಲಿ ಸುಮಾರು ಒಂದು ವರ್ಷ ಬೆಳೆದು, ಸಮುದ್ರಕ್ಕೆ ಹೊರಡುವ ಮುನ್ನ ಮೈಯ ಕಪ್ಪು ಪಟ್ಟೆ ಕಳೆದುಕೊಂಡು ಬೆಳ್ಳಿ ಬಣ್ಣ ತಾಳುತ್ತದೆ. ಆಗ ಥೈರಾಯ್ಡ್ ಹಾರ್ಮೋನು ಏರುತ್ತದೆ, ಆ ದಿನಗಳ ನೀರಿನ ವಾಸನೆ ಗಟ್ಟಿಯಾಗಿ ಅಚ್ಚೊತ್ತುತ್ತದೆ. ಹ್ಯಾಸ್ಲರ್ ತಂಡ 1970ರ ದಶಕದಲ್ಲಿ ಮಿಷಿಗನ್ ಸರೋವರದಲ್ಲಿ ಇದನ್ನೇ ಪರೀಕ್ಷಿಸಿತು. ಈ ವಯಸ್ಸಿನ ಮರಿಗಳನ್ನು ಕೆಲವು ವಾರ ಮಾರ್ಫೋಲಿನ್ ಎಂಬ ರಾಸಾಯನಿಕ ಬೆರೆಸಿದ ನೀರಲ್ಲಿಟ್ಟು, ಸರೋವರಕ್ಕೆ ಬಿಟ್ಟರು. ಸುಮಾರು ಒಂದೂವರೆ ವರ್ಷ ಅವಕ್ಕೆ ಆ ವಾಸನೆಯ ಸೋಂಕಿಲ್ಲ. ಆಮೇಲೆ ಒಂದು ಹೊಳೆಗೆ ಮಾರ್ಫೋಲಿನ್ ತೊಟ್ಟಿಕ್ಕಿಸಿದಾಗ ಆ ಮೀನುಗಳು ಅದೇ ಹೊಳೆಗೆ ಬಂದವು!

ಮರಳಿ ಬರುವ ದೊಡ್ಡ ಮೀನಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸೆಲ್ಲ ಬೆರಳುದ್ದದ ಆ ಮರಿಯ ಮೇಲೆಯೇ. ಅದು ಮೊದಲು ಬದುಕಿ ಉಳಿಯಬೇಕಲ್ಲ? ಅಲ್ಲೂ ಮೂಗೇ ಕಾವಲು. ಹತ್ತಿರದ ಮೀನಿನ ಚರ್ಮ ಹರಿದರೆ ಅದರಿಂದೊಂದು ವಸ್ತು ನೀರಿಗೆ ಸೇರುತ್ತದೆ. ಅದರ ವಾಸನೆ ತಗುಲಿದ ಕೂಡಲೇ ಮರಿ ಈಜು ನಿಲ್ಲಿಸಿ ಅಲ್ಲಾಡದೆ ಇದ್ದುಬಿಡುತ್ತದೆ. ಬೇಟೆಗಾರ ಮೀನಿನ ಕಣ್ಣು ತಪ್ಪಿಸುವ ಉಪಾಯವಿದು.

ಈ ಕಾವಲನ್ನು ತಾಮ್ರ ಕೆಡಿಸುತ್ತದೆ. ವಾಹನಗಳ ಬ್ರೇಕ್ ಪ್ಯಾಡ್ ಸವೆದ ಪುಡಿ ರಸ್ತೆಯಲ್ಲಿ ಬಿದ್ದು ಮಳೆನೀರಿನೊಂದಿಗೆ ಹೊಳೆಗೆ ಇಳಿಯುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರವಿದ್ದರೂ ಕೆಲವೇ ಗಂಟೆಗಳಲ್ಲಿ ಕೋಹೋ ಮರಿಯ ಮೂಗು ಮಂಕಾಗುತ್ತದೆ. ಅಪಾಯದ ವಾಸನೆ ಬಂದರೂ ಅದು ಎಂದಿನಂತೆ ಈಜುತ್ತಲೇ ಇರುತ್ತದೆ, ಬೇಟೆಗಾರನ ಬಾಯಿಗೆ ಬೀಳುತ್ತದೆ. ವಾಷಿಂಗ್ಟನ್ ರಾಜ್ಯ 2010ರಲ್ಲಿ ಕಾನೂನು ತಂದು ಬ್ರೇಕ್ ಪ್ಯಾಡ್‌ಗಳ ತಾಮ್ರವನ್ನು ಹಂತಹಂತವಾಗಿ ಇಳಿಸಲು ಹೊರಟಿತು. ನಾನು ನಿಂತಿದ್ದ ಸೇತುವೆಯ ಪಕ್ಕದ ರಸ್ತೆಯಲ್ಲೂ ಆ ಹೊತ್ತು ಕಾರುಗಳು ಬ್ರೇಕ್ ಒತ್ತುತ್ತ ಸಾಲಾಗಿ ಸಾಗುತ್ತಿದ್ದವು.