ಗಿಡದ ಜೊತೆ ಒಂದು ನೋಟ್‌ಬುಕ್ಕೂ ಇರಲಿ

ಓದುಗರ ಪತ್ರ: ‘ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಪ್ರತಿ ಜೂನ್ 5ಕ್ಕೆ, ವಿಶ್ವ ಪರಿಸರ ದಿನದಂದು, ಅಂಗಳದಲ್ಲಿ ಗಿಡ ನೆಡುತ್ತೇವೆ. ಭಾಷಣ, ಫೋಟೊ ಎಲ್ಲ ಆಗುತ್ತದೆ. ಗಿಡ ಮಾತ್ರ ಉಳಿಯುವುದಿಲ್ಲ. ಗ್ರಂಥಾಲಯದವರು ಆ ದಿನ ಬೇರೇನಾದರೂ ಮಾಡಬಹುದೇ?’

ಸಂಪಾದಕರ ಉತ್ತರ:

ಅಕ್ಕಾ, ನಮಸ್ಕಾರ. ಖಂಡಿತ ಮಾಡಬಹುದು.

ಮೊದಲು ಗಿಡದ ಮಾತು. ಜೂನ್ 5ಕ್ಕೆ ನಮ್ಮ ಕಡೆ ಇನ್ನೂ ರೋಹಿಣಿ ಮಳೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದೇ ಏಳು–ಎಂಟರ ಹೊತ್ತಿಗೆ. 1972ರ ಜೂನ್ 5ರಂದು ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾಯಿತು. ಆ ನೆನಪಿಗೆ ಗೊತ್ತುಮಾಡಿದ ದಿನ ಇದು. ನಮ್ಮ ಮಳೆಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ದಿನವನ್ನು ಅಂದೇ ಆಚರಿಸಿ, ಗಿಡವನ್ನು ನೆಲ ಚೆನ್ನಾಗಿ ನೆನೆದ ಮೇಲೆ ಹಚ್ಚಿ.

ಇನ್ನು ಆ ದಿನದ ಕೆಲಸ. ನಿಮ್ಮ ಜಿಲ್ಲೆಯಲ್ಲೇ ಕುಸನೂರು ಇದೆಯಲ್ಲ? 1987ರ ನವೆಂಬರ್ 14ರಂದು ಅಲ್ಲಿ ಜನ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ದನ ಮೇಯುತ್ತಿದ್ದ, ಕಟ್ಟಿಗೆ ಸಿಗುತ್ತಿದ್ದ ಊರ ಸಾಮೂಹಿಕ ಜಮೀನಿನಲ್ಲಿ ಸರ್ಕಾರ ಮತ್ತು ಕಾರ್ಖಾನೆಯವರು ಸೇರಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಹೊರಟಿದ್ದರು. ಜನ ಆ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಗಿಡ ಹಚ್ಚಿದರು. ಯಾವ ಗಿಡ, ಯಾರ ನೆಲದಲ್ಲಿ, ಯಾರಿಗಾಗಿ ಅಂತ ಹಳ್ಳಿಯವರೇ ಕೇಳಿದ ಹೋರಾಟ ಅದು. ಇಂದು ನಿಮ್ಮಲ್ಲಿಗೆ ಬರುವ ಎಷ್ಟು ಮಕ್ಕಳಿಗೆ ಇದು ಗೊತ್ತು? ಆ ಕಾಲವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತು ಬರೆದಿಡದಿದ್ದರೆ ಅವರ ಜೊತೆಗೇ ಹೋಗಿಬಿಡುತ್ತದೆ ಅನ್ನುವ ಚಿಂತೆ ನನಗೆ ಜಾಸ್ತಿ.

ಅದಕ್ಕೇ ಹೇಳುತ್ತೇನೆ, ಈ ಸಲ ಭಾಷಣ ಬಿಡಿ. ಊರಿನ ಹಿರಿಯರನ್ನು ಕರೆದು ಕೂರಿಸಿ. ಹೆಣ್ಣುಮಕ್ಕಳನ್ನು ಮರೆಯಬೇಡಿ. ನೀರು ತಂದವರು, ಕಟ್ಟಿಗೆ ಆರಿಸಿದವರು ಅವರೇ ಅಲ್ವಾ? ಮಕ್ಕಳು ಕೇಳಲಿ, ಬರೆದುಕೊಳ್ಳಲಿ. ಊರಲ್ಲಿ ಎಷ್ಟು ಬಾವಿ ಇದ್ದವು, ಯಾವುದು ಮೊದಲು ಬತ್ತಿತು, ಗೋಮಾಳ ಎಲ್ಲಿಯವರೆಗಿತ್ತು, ಹುಣಸೆಮರ ಯಾವಾಗ ಕಡಿದರು, ಯಾಕೆ ಕಡಿದರು. ಹೇಳಿದವರ ಹೆಸರು, ವಯಸ್ಸು, ತಾರೀಖು ಪುಟದ ಮೇಲೇ ಇರಲಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ನೀವು ತಿದ್ದಬೇಡಿ.

ದಪ್ಪ ರಟ್ಟಿನ ಉದ್ದ ನೋಟ್‌ಬುಕ್ ಸಾಕು. ಬೇರೆ ಪುಸ್ತಕಗಳ ಹಾಗೆ ರಿಜಿಸ್ಟರಿನಲ್ಲಿ ಅದಕ್ಕೂ ನಂಬರು ಕೊಡಿ, ಸೀಲು ಹಾಕಿ. ಇಲ್ಲದಿದ್ದರೆ ರದ್ದಿಗೆ ಹೋಗುವ ಭಯ ಇದೆ. ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಊರ ಕೆರೆಯ ವಿಷಯ ಬರೆಯಲು ಮೀಸಲಿಡಿ. ಪ್ರತಿ ಮಳೆ ನಕ್ಷತ್ರ ಮುಗಿದಾಗ ನೀರು ಎಲ್ಲಿಗೆ ಬಂದಿದೆ ಅಂತ ಒಂದು ಮಗು ನೋಡಿ ಬಂದು ಬರೆಯಲಿ.

ಮೊದಲ ನಾಲ್ಕು ಪುಟ ತುಂಬಿದ ಮೇಲೆ, ಹೇಳಿದವರ ಒಪ್ಪಿಗೆ ಕೇಳಿ, ಫೋಟೊ ತೆಗೆದು ನಮಗೆ ಕಳಿಸಿ. ಪತ್ರಿಕೆಯಲ್ಲಿ ಹಾಕುತ್ತೇವೆ.