ಮಿಸ್ಸೌರಿಯ ನಮ್ಮ 12 ಎಕರೆಗೆ ಪ್ರೇರಿ ಹುಲ್ಲು ಹಾಕಬಹುದೇ?

12 ಎಕರೆ, ನಾಲ್ಕು ದನ, ಮಗಳದೊಂದು ಕುದುರೆ. ಇರುವ ಫೆಸ್ಕ್ಯೂ ಹುಲ್ಲು ಜುಲೈನಲ್ಲಿ ಬೆಳೆಯುವುದೇ ಇಲ್ಲ, ಪೂರ್ತಿ ತೆಗೆದು ಪ್ರೇರಿ ಹುಲ್ಲು (ಅಮೆರಿಕದ ನಡುನಾಡಿನ ಬಯಲುಗಳ ಮೂಲ ಹುಲ್ಲು) ಬಿತ್ತಲೇ ಎಂದು ಕೇಳಿದ್ದೀರಿ. ನಾನೂ ಇದೇ ರಾಜ್ಯದಲ್ಲಿ ಆರು ದನ ಕಟ್ಟಿಕೊಂಡು ಒದ್ದಾಡುತ್ತಿರುವವನು.

ಬಿತ್ತಿ, ಆದರೆ ಪೂರ್ತಿ ತೆಗೆಯಬೇಡಿ. ಮೂರು-ನಾಲ್ಕು ಎಕರೆ ಸಾಕು. ಫೆಸ್ಕ್ಯೂ ತಂಪು ಕಾಲದ ಹುಲ್ಲು, ವಸಂತದಲ್ಲೂ ಸೆಪ್ಟೆಂಬರ್ ನಂತರವೂ ಅದೇ ಬೇಕು. ಪ್ರೇರಿ ಹುಲ್ಲು ಜೋಳ, ಕಬ್ಬುಗಳ ದಾಯಾದಿ. ಬಿಸಿಲೇರಿದಷ್ಟೂ ಏಳುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗೆ ದನಗಳನ್ನು ಸಾಕುತ್ತದೆ. ನಿಮ್ಮದು ಹಳೆಯ ಕೆಂಟಕಿ-31 ತಳಿಯ ಫೆಸ್ಕ್ಯೂ ಆಗಿದ್ದರೆ ಅದರೊಳಗೊಂದು ಶಿಲೀಂಧ್ರ ಇರುವುದೇ ಹೆಚ್ಚು. ಅದನ್ನು ತಿಂದ ದನಕ್ಕೆ ಮೈ ಕಾವೇರಿ, ಬೇಸಿಗೆಯಿಡೀ ಕೊಳದಲ್ಲಿ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಬೇರೆ ಮೇವು ಸಿಕ್ಕರೆ ದನವೂ ಬಚಾವ್.

ಬೀಜಕ್ಕೆ ಪ್ರೇರಿ ಹುಲ್ಲುಗಳಲ್ಲಿ ಬಿಗ್ ಬ್ಲೂಸ್ಟೆಮ್, ಇಂಡಿಯನ್‌ಗ್ರಾಸ್, ಸ್ವಲ್ಪ ಲಿಟಲ್ ಬ್ಲೂಸ್ಟೆಮ್ ಸಾಕು. ಸ್ವಿಚ್‌ಗ್ರಾಸ್ ಎಂಬ ಇನ್ನೊಂದು ಪ್ರೇರಿ ಹುಲ್ಲು ಇರುವ ಮಿಶ್ರಣ ಮಾತ್ರ ಬೇಡ. ದನ ತಿಂದು ಅರಗಿಸಿಕೊಳ್ಳುತ್ತದೆ, ಕುದುರೆಗೆ ಅದು ಯಕೃತ್ತು ಕೆಡಿಸುವ ವಿಷ.

ಮೊದಲು ಬಿತ್ತುವ ಜಾಗದ ಫೆಸ್ಕ್ಯೂ ನಿಜವಾಗಿ ಸಾಯಬೇಕು: ಶರತ್ಕಾಲದಲ್ಲಿ ಒಮ್ಮೆ, ವಸಂತದಲ್ಲಿ ಇನ್ನೊಮ್ಮೆ ಕಳೆನಾಶಕ. ಪ್ರೇರಿ ಹುಲ್ಲಿನ ಬೀಜಕ್ಕೆ ರೋಮ, ಸಾಮಾನ್ಯ ಕೂರಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆಂದೇ ಮಾಡಿದ ಬಿತ್ತುವ ಯಂತ್ರ (ಡ್ರಿಲ್) ಎಷ್ಟೋ ಕೌಂಟಿಗಳ (ಇಲ್ಲಿನ ಜಿಲ್ಲೆಗಳ) ಮಣ್ಣು-ನೀರು ಸಂರಕ್ಷಣಾ ಕಚೇರಿಯಲ್ಲಿ ಬಾಡಿಗೆಗೆ ಸಿಗುತ್ತದೆ, ವಿಚಾರಿಸಿ. ಕಾಲಿಂಚು ಆಳ, ರಾಗಿಯಂತೆ ಮೇಲುಮೇಲಕ್ಕೆ. ಆಳಕ್ಕೆ ಹೋದ ಬೀಜ ಹೋದಂತೆಯೇ.

ಮೊದಲ ವರ್ಷ ಹೊಲ ನೋಡಿದರೆ ಹೊಟ್ಟೆ ಉರಿಯುತ್ತದೆ, ಬರೀ ಕಳೆ. ಹುಲ್ಲು ಆಗ ಬೇರು ಇಳಿಸುತ್ತಿರುತ್ತದೆ, ಉತ್ತು ಹಾಕಬೇಡಿ. ಕಳೆಯನ್ನು ಆರೆಂಟು ಇಂಚಿನ ಮೇಲೆ ಸವರುತ್ತಿರಿ. ಯೂರಿಯಾ ಕೊಟ್ಟರೆ ಕಳೆಗೇ ಹಬ್ಬ. ಮೇವು ಅನ್ನುವಂಥದ್ದು ಮೂರನೇ ವರ್ಷಕ್ಕೆ.

ನಾನು ಕೆಟ್ಟದ್ದು ಕೊಯ್ಲಿನಲ್ಲಿ. ಮಲೆನಾಡಿನ ನಮ್ಮ ಸಾಗರದ ಕಡೆ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಕರಡ, ಅಂದರೆ ಒಣಹುಲ್ಲು, ಕೊಯ್ಯುವಾಗ ಕತ್ತಿ ನೆಲ ಕೆರೆಯಬೇಕು, ಒಂದು ಬೆರಳು ಬಿಟ್ಟರೂ ಅಜ್ಜ ಬೈಯುತ್ತಿದ್ದರು. ಅದೇ ಬುದ್ಧಿಯಲ್ಲಿ ಇಲ್ಲಿ ಬಾಡಿಗೆಗೆ ಕೊಯ್ಯಲು ಬಂದವನಿಗೆ ‘ಇನ್ನೂ ಕೆಳಗೆ’ ಅಂದೆ. ಅವನು ತಲೆಯಾಡಿಸಿ ಮೂರಿಂಚಿಗೆ ಇಳಿಸಿದ. ಆ ವರ್ಷ ಬೇಲ್ (ಹುಲ್ಲಿನ ಕಟ್ಟು) ಹೆಚ್ಚೇ ಬಂತು, ಮರುವರ್ಷ ಅರ್ಧ ಹೊಲ ಬೋಳು. ಈ ಹುಲ್ಲಿನ ಚಿಗುರು, ಕಸುವು ಎಲ್ಲ ಕಾಂಡದ ಬುಡದಲ್ಲಿ. ಎಂಟು ಇಂಚು ಕೂಳೆ ಬಿಡಲೇಬೇಕು. ತೆನೆ ಇನ್ನೂ ಹೊಡೆಯೊಳಗಿರುವಾಗ ಕೊಯ್ದರೆ ಮೇವು ಮೆತ್ತಗೆ. ಹೂ ಬಿಟ್ಟ ಮೇಲೆ ಕಡ್ಡಿ. ಆಗಸ್ಟ್ ಆರಂಭ ದಾಟಿದರೆ ಕೊಯ್ಯಬೇಡಿ, ಚಳಿಗೆ ಮುಂಚೆ ಬೇರಿಗೆ ದಾಸ್ತಾನು ಬೇಕು. ಮೇಯಿಸುವುದಾದರೂ ಲೆಕ್ಕ ಇದೇ: ಮೊಣಕಾಲುದ್ದ ಬಂದಾಗ ದನ ಬಿಡಿ, ಗೇಣುದ್ದ ಉಳಿದಾಗ ಹೊರಗೆ.

ಇನ್ನು ಬೆಂಕಿ. ಕೆಲವು ವರ್ಷಕ್ಕೊಮ್ಮೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಹಳೆ ಹುಲ್ಲು ಸುಟ್ಟರೆ ಹೊಸದು ಚೆನ್ನಾಗಿ ಬರುತ್ತದೆ. ಪಕ್ಕದ ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ಪ್ರತಿ ವಸಂತವೂ ಗುಡ್ಡಗಳನ್ನೇ ಸುಡುತ್ತಾರೆ. ಸ್ಥಳೀಯ ಅಗ್ನಿಶಾಮಕದವರಿಗೆ ತಿಳಿಸಿ, ಸುಟ್ಟು ಅನುಭವ ಇರುವವರನ್ನು ಕರೆದುಕೊಂಡೇ ಮಾಡಿ. ನಾನಂತೂ ಇವತ್ತಿಗೂ ಕಡ್ಡಿ ಗೀರುವುದಿಲ್ಲ, ನೀರಿನ ಟ್ಯಾಂಕಿನ ಹತ್ತಿರ ನಿಂತಿರುತ್ತೇನೆ.