ಓಪನಿಂಗ್ ಬಾಯಿಪಾಠ ಮಾಡಿದ್ರೂ ಚೆಸ್ಸಲ್ಲಿ ಸೋಲ್ತಾನೇ ಇದೀನಿ, ಯಾವ ಪಾಠ ಮೊದಲು ಕಲೀಬೇಕು?

ಬೇಜಾರ್ ಮಾಡ್ಕೋಬೇಡಿ, ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ನಾನೂ ಹಿಂಗೇ ಇದ್ದೆ. ಮೂವತ್ನಾಲ್ಕು ವಯಸ್ಸು, ಯೂಟ್ಯೂಬ್ ನೋಡಿ ಸಿಸಿಲಿಯನ್ (ಕಪ್ಪು ಆಡೋರ ಒಂದು ಓಪನಿಂಗ್, ಅಂದ್ರೆ ಆಟದ ಶುರುವಿನ ನಡೆಗಳು) ಹನ್ನೆರಡು ನಡೆ ಉರು ಹೊಡೆದಿದೀನಿ, ಆದ್ರೂ ರೇಟಿಂಗ್ 700 ದಾಟ್ತಿಲ್ಲ ಅಂದಿದೀರಿ. ಎದುರಿನೋನು ಆ ವಿಡಿಯೋ ನೋಡಿರಲ್ಲ ರೀ, ಮೂರನೇ ನಡೆಗೇ ಮೂಲೆ ಪಾನ್ (ಕಾಲಾಳು) ತಳ್ತಾನೆ, ಅಲ್ಲಿಗೆ ನಿಮ್ಮ ಪಾಠ ಖಾಲಿ.

ನಾನು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಯ್ತು, ಆಗ ನಮ್ಮಪ್ಪನ ಹಳೇ ಮರದ ಬೋರ್ಡೇ ಗತಿ. (ಅಪ್ಪಂದು ಹಳೇ ಕ್ರಮ, ಬಿಷಪ್ಪಿಗೆ ಒಂಟೆ, ಕ್ವೀನಿಗೆ ಮಂತ್ರಿ, ಪಾನ್ ಮೊದಲ್ನೇ ನಡೆಲೂ ಒಂದೇ ಮನೆ. ಈಗ್ಲೂ ಎರಡು ಮನೆ ಇಟ್ರೆ ಮೋಸ ಅಂತಾರೆ.)

ನಂಗೆ ಬುದ್ಧಿ ಬಂದಿದ್ದು ಹಾಸನದಲ್ಲಿ ಒಂದು ಭಾನುವಾರದ ಟೂರ್ನಮೆಂಟಲ್ಲಿ. ಎದುರಿಗೆ ಹತ್ತು ಹನ್ನೊಂದು ವರ್ಷದ ಹುಡುಗ, ಎಲ್ಲಾ ಕಾಯಿ ಹೋಗಿ ನಂದೊಂದು ಪಾನ್ ಜಾಸ್ತಿ ಉಳಿದಿತ್ತು, ಗೆದ್ದೆ ಅಂತಾನೇ ಕೂತಿದ್ದೆ, ಪಾನ್‌ನ ಓಡಿಸ್ಕೊಂಡು ಏಳನೇ ಸಾಲಿಗೆ ತಂದು ಅದನ್ನ ಕಾಯೋಕೆ ರಾಜನ್ನ ಅದ್ರ ಹಿಂದೇನೇ ಇಟ್ಟೆ. ಹುಡುಗ ಕೈ ಚಾಚಿ "ಅಂಕಲ್, ಸ್ಟೇಲ್‌ಮೇಟ್" ಅಂದ. ಅಂದ್ರೆ ಅವನ ರಾಜನಿಗೆ ಚೆಕ್ಕೂ ಇಲ್ಲ, ಇಡೋಕೆ ನಡೆನೂ ಇಲ್ಲ, ಆಟ ಡ್ರಾ. ಅರ್ಧ ಪಾಯಿಂಟ್. ಬೇಲೂರ್ ದಾರಿ ಬಸ್ಸಲ್ಲಿ ವಾಪಸ್ ಬರ್ತಾ ಇಡೀ ದಾರಿ ಅದೇ ತಲೇಲಿ.

ತಪ್ಪು ಏನಂದ್ರೆ ಪಾನ್ ಮುಂದೆ, ರಾಜ ಹಿಂದೆ. ಇರಬೇಕಾದ್ದು ಉಲ್ಟಾ, ರಾಜ ಮುಂದೆ ಹೋಗಿ ದಾರಿ ಬಿಡಿಸ್ಬೇಕು, ಪಾನ್ ಹಿಂದೆ ಬರಬೇಕು. ಎರಡು ರಾಜರು ನಡುವೆ ಒಂದು ಮನೆ ಬಿಟ್ಟು ಎದುರುಬದುರು ನಿಂತಾಗ ಯಾರು ನಡೀಬೇಕೋ ಅವನು ಜಾಗ ಬಿಡಬೇಕು, ಇದಕ್ಕೆ ಆಪೊಸಿಷನ್ ಅಂತಾರೆ. ಇದು ಸಣ್ಣ ಮಕ್ಕಳ ಪಾಠ ಅನ್ಕೋಬೇಡಿ, 2024ರ ಡಿಸೆಂಬರಲ್ಲಿ ಸಿಂಗಾಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆಗಿದ್ದು ಇಂಥದ್ರಲ್ಲೇ. 14ನೇ ಆಟ, ಡ್ರಾ ಆಗೋ ಥರ ಇತ್ತು, ಎದುರಾಳಿ ಡಿಂಗ್ ಲಿರೆನ್ 55ನೇ ನಡೆಲಿ ಆನೆನ ಎಫ್2 ಮನೆಗೆ ಇಟ್ಟು ಎಡವಿದ್ರು, ಆನೆಗಳು ಹೋದ್ವು, ಹಿಂದೆನೇ ಬಿಷಪ್‌ಗಳೂ ಹೋದ್ವು, ಉಳಿದಿದ್ದು ರಾಜ ಮತ್ತು ಪಾನ್ ಮಾತ್ರ, ಗುಕೇಶ್‌ದು ಒಂದು ಜಾಸ್ತಿ. 58ನೇ ನಡೆಗೆ ಡಿಂಗ್ ಸೋಲೊಪ್ಕೊಂಡ್ರು.

ಅದಕ್ಕೇ ನಾನನ್ನೋದು, ಎಂಡ್‌ಗೇಮಿಂದ, ಅಂದ್ರೆ ಆಟದ ಕೊನೇ ಹಂತದಿಂದ ಶುರು ಮಾಡಿ. ಕಾಯಿ ಕಮ್ಮಿ ಇರೋದ್ರಿಂದ ಒಂದೊಂದು ಕಾಯಿಯ ತಾಕತ್ತು ಏನು ಅಂತ ಅಲ್ಲೇ ಗೊತ್ತಾಗೋದು.

ಟ್ಯಾಕ್ಟಿಕ್ಸ್ (ಎರಡು ಮೂರು ನಡೆಲಿ ಕಾಯಿ ಹೊಡೆಯೋ ಉಪಾಯ) ದಿನಾ ಹದಿನೈದು ನಿಮಿಷ ಸಾಕು. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ ಪಜಲ್ ಎಲ್ಲಾ ಫ್ರೀ, ಜಾಹೀರಾತೂ ಇಲ್ಲ. ಫೋರ್ಕ್ (ಒಂದೇ ಕಾಯಿಯಿಂದ ಎರಡಕ್ಕೆ ಏಟು), ಪಿನ್ (ಹಿಂದಿರೋ ದೊಡ್ಡ ಕಾಯಿಗೋಸ್ಕರ ಮುಂದಿನ ಕಾಯಿ ಅಲ್ಲಾಡೋಕಾಗದೆ ಸಿಕ್ಕಿಬೀಳೋದು) ಎರಡು ಮೊದಲು ಕಣ್ಣಿಗೆ ಕೂರಲಿ. ಆದ್ರೆ ಅಂದಾಜಲ್ಲಿ ಬೆರಳು ಒತ್ತಬೇಡಿ, ಕೊನೇ ನಡೆವರೆಗೂ ತಲೇಲಿ ಕಂಡ್ಮೇಲೇ ಒತ್ತಿ, ನಾನು ಆರು ತಿಂಗಳು ಸುಮ್ನೆ ಒತ್ತಿ ಒತ್ತಿ ಹಾಳು ಮಾಡ್ಕೊಂಡೆ.

ಓಪನಿಂಗಾ? ಸದ್ಯಕ್ಕೆ ಸಿಸಿಲಿಯನ್ ಮರೆತುಬಿಡಿ. ಮಧ್ಯದಲ್ಲಿ ಪಾನ್ ಇಡಿ, ಕುದುರೆ ಬಿಷಪ್ ಹೊರಗೆ ತನ್ನಿ, ಕ್ಯಾಸ್ಲಿಂಗ್ ಮಾಡಿ (ಒಂದೇ ನಡೆಲಿ ರಾಜನ್ನ ಆನೆ ಕಡೆ ಸರಿಸಿ ಆನೆನ ಪಕ್ಕಕ್ಕೆ ದಾಟಿಸೋದು), ಕ್ವೀನ್‌ನ ಬೇಗ ಬೀದಿಗೆ ಬಿಡಬೇಡಿ. ಬಿಳಿ ಆಡುವಾಗ ಇಟಾಲಿಯನ್ ಅನ್ನೋ ಓಪನಿಂಗ್ ಸಾಕು, ಬಿಷಪ್ ಸಿ4ಗೆ ಬಂದು ಎಫ್7 ನೋಡ್ತಾ ಕೂರುತ್ತೆ, ಶುರೂಲಿ ಆ ಮನೆಗೆ ರಾಜ ಒಬ್ಬನೇ ಕಾವಲು.

ಇವತ್ತು ರಾತ್ರಿ ಬೋರ್ಡಲ್ಲಿ ಮೂರೇ ಕಾಯಿ ಇಡಿ. ಬಿಳಿ ರಾಜ ಇ6, ಬಿಳಿ ಪಾನ್ ಇ5, ಕಪ್ಪು ರಾಜ ಇ8. ಮೊದಲ ನಡೆ ಯಾರದೇ ಆಗ್ಲಿ ಬಿಳಿ ಗೆಲ್ಲುತ್ತೆ. ಎದುರಿಗೆ ಮನೇಲಿ ಯಾರನ್ನಾದ್ರೂ ಕೂರಿಸ್ಕೊಂಡು ಆಡಿ, ಡ್ರಾ ಆದ್ರೆ ನಡೆಗಳನ್ನ ಕಾಮೆಂಟಲ್ಲಿ ಹಾಕಿ, ಎಲ್ಲಿ ತಪ್ಪಿತು ನೋಡೋಣ.